ಡೊಂಬಿವಲಿ ಲೋಕಲ್‌ನಲ್ಲಿ ಓದಿದ ಮೂರು ಮುಂಬೈಗಳು

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳು ಕೆಲಸ ಸಿಕ್ಕಿ ಶಿರಸಿಯಿಂದ ಮುಂಬೈಗೆ, ನಮ್ಮ ಮನೆಗೆ ಬಂದಳು. ಬಂದ ವಾರವೇ ಕೇಳಿದಳು, "ಚಿಕ್ಕಿ, ಈ ಊರಿನ ಬಗ್ಗೆ ಒಂದೇ ಪುಸ್ತಕ ಓದೋದಾದ್ರೆ ಯಾವುದು?" ತಟ್ಟನೆ ಹೇಳಲು ಆಗಲಿಲ್ಲ. ಮನೆಯಲ್ಲಿದ್ದ ಮೂರನ್ನು ಒಂದರ ಹಿಂದೊಂದು ಮತ್ತೆ ಓದಿದೆ. ಓದಿದ್ದೆಲ್ಲ ನಮ್ಮ ಉಪನಗರ ಡೊಂಬಿವಲಿಯಿಂದ ಮುಂಬೈನ ಕೊನೇ ಸ್ಟೇಷನ್ ಸಿಎಸ್‌ಎಂಟಿಗೆ ಹೋಗುವ ಲೋಕಲ್‌ನಲ್ಲೇ.

ಮೊದಲು ಸುಕೇತು ಮೆಹ್ತಾ ಅವರ 'ಮ್ಯಾಕ್ಸಿಮಮ್ ಸಿಟಿ'. 2004ರದ್ದು, ಐನೂರಕ್ಕೂ ಜಾಸ್ತಿ ಪುಟ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂತು ಅದನ್ನು ಹಿಡಿದರೆ ಕುರ್ಲಾ ಬರುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಭೂಗತ ಲೋಕದ ಹುಡುಗರು, ಎನ್‌ಕೌಂಟರ್ ಪೊಲೀಸರು, ಬಾರ್ ಡಾನ್ಸರ್, ಸಿನಿಮಾದವರು, ಎಲ್ಲ ಬಿಟ್ಟು ದೀಕ್ಷೆ ತಗೊಳ್ಳುವ ಜೈನ ಕುಟುಂಬ, ಎಲ್ಲರ ಜೊತೆ ಕೂತು ಮಾತಾಡಿದ್ದಾರೆ. ಆ ಧೈರ್ಯ ದೊಡ್ಡದು. ಆದರೆ ಇಪ್ಪತ್ತು ವರ್ಷದಿಂದ ಇಲ್ಲಿರುವ ನಾನು ಇವರಲ್ಲಿ ಒಬ್ಬರನ್ನೂ ಕಂಡಿಲ್ಲ. ಇದರಲ್ಲಿ ನನ್ನದು ಅನ್ನಿಸಿದ್ದು ಒಂದೇ ಜಾಗ. ಹೊರಟ ರೈಲಿನ ಹಿಂದೆ ಓಡುವವನನ್ನು ಎಳೆದುಕೊಳ್ಳಲು ಡಬ್ಬದೊಳಗಿಂದ ಕೈಗಳು ಚಾಚಿಕೊಳ್ಳುತ್ತವಲ್ಲ, ಅದು. ಮೊದಲ ವರ್ಷ ನನ್ನನ್ನೂ ಹಾಗೆ ಒಂದು ಹಸಿರು ಬಳೆಯ ಕೈ ಎಳೆದುಕೊಂಡಿತ್ತು. ಮುಖ ನೆನಪಿಲ್ಲ, ಬಳೆ ನೆನಪಿದೆ.

ಎರಡನೆಯದು ಕ್ಯಾಥರಿನ್ ಬೂ ಅವರ 'ಬಿಹೈಂಡ್ ದ ಬ್ಯೂಟಿಫುಲ್ ಫಾರೆವರ್ಸ್', 2012ರದ್ದು. ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಪಕ್ಕದ ಅಣ್ಣಾವಾಡಿ ಎಂಬ ಝೋಪಡಪಟ್ಟಿಯ, ಅಂದರೆ ಕೊಳೆಗೇರಿಯ ಕಥೆ. ಕಥೆ ಅಂದೆ, ಆದರೆ ಎಲ್ಲ ನಡೆದದ್ದೇ. ಮೂರು ವರ್ಷಕ್ಕೂ ಹೆಚ್ಚು ಅಲ್ಲಿಗೆ ಓಡಾಡಿ ಬರೆದದ್ದು. ಕಸ ಆಯುವವರಿಂದ ಅದನ್ನು ಕೊಂಡು, ವಿಂಗಡಿಸಿ ಮಾರುವ ಹುಡುಗ ಅಬ್ದುಲ್. ಪಕ್ಕದ ಮನೆಯವಳು ಜಗಳವಾಡಿ ಮೈಗೆ ಬೆಂಕಿ ಹಚ್ಚಿಕೊಳ್ಳುತ್ತಾಳೆ, ಅದರ ಆರೋಪ ಇವನ ಮನೆಯವರ ಮೇಲೆ ಬರುತ್ತದೆ. ಆಮೇಲಿನ ಪೊಲೀಸ್ ಠಾಣೆ, ಕೋರ್ಟಿನ ಓಡಾಟ ಓದುವಾಗ ಎರಡು ಸಲ ಪುಸ್ತಕ ಮುಚ್ಚಿ ಕಿಟಕಿ ನೋಡುತ್ತಾ ಕೂತೆ. ನಿಜ ಗೊತ್ತಾಗಬೇಕಾದರೆ ಮೆಹ್ತಾಗಿಂತ ಇದೇ ಮೇಲು. ಇಲ್ಲಿ ಬರೆದವರು ಎಲ್ಲೂ ತಮ್ಮನ್ನು ಮುಂದೆ ತರುವುದಿಲ್ಲ. ಆದರೆ ಹೊಸದಾಗಿ ಊರಿಗೆ ಬಂದ ಹುಡುಗಿಗೆ ಮೊದಲೇ ಇದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಜಯಂತ ಕಾಯ್ಕಿಣಿ ಅವರ ಮುಂಬೈ ಕಥೆಗಳು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್'ಗೆ 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ಬಂತು. ನಾನು ಓದಿದ್ದು ಕನ್ನಡದಲ್ಲಿ. ಅದೇ ಹೆಸರಿನ ಕಥೆಯಲ್ಲಿ ಪೋಪಟ್, ಆಸಾವರಿ ಇಬ್ಬರೂ ತಮ್ಮ ಮದುವೆ ಕಾರ್ಡಿನಲ್ಲಿ ಏನು ಅಚ್ಚು ಹಾಕಿಸೋದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅಷ್ಟೇ ವಿಷಯ. ಒಂದು ದಿನ ಅದನ್ನು ಓದುತ್ತಿದ್ದಾಗ ಪಕ್ಕದಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದ ಮರಾಠಿ ಕಾಕು (ಚಿಕ್ಕಮ್ಮನ ವಯಸ್ಸಿನವರು) ಒಬ್ಬರು "ಇದು ಯಾವ ಭಾಷೆ?" ಅಂದರು. ಮರಾಠಿಯಲ್ಲಿ ಕಥೆ ಹೇಳಿದೆ. ಅವರ ಕೈ ನಿಂತಿತು. "ನಮ್ಮ ಮನೆಯಲ್ಲೂ ಕಾರ್ಡಿನ ಮೇಲೆ ಯಾರ ಹೆಸರು ಮೊದಲು ಅಂತ ಎರಡು ದಿನ ಮಾತು ಬಿಟ್ಟಿದ್ದರು," ಅಂದವರು ಥಾಣೆ ಸ್ಟೇಷನ್ ಬರುವವರೆಗೂ ಅದನ್ನೇ ಹೇಳಿದರು. ಉಳಿದ ಎರಡು ಪುಸ್ತಕದಲ್ಲಿ ನನಗೆ ಸಿಗದಿದ್ದದ್ದು ಇದೇ. ಕಾಯ್ಕಿಣಿ ಈ ಜನರನ್ನು ದೂರದಿಂದ ನೋಡುವುದಿಲ್ಲ, ಅವರ ಪಕ್ಕದಲ್ಲೇ ಸ್ವಲ್ಪ ಸರಿದು ಕೂರುತ್ತಾರೆ. ಅವರ ಪಾತ್ರಗಳು ಮಾತಾಡುವುದು ಕನ್ನಡ, ನನ್ನ ಕಿವಿಗೆ ಮಾತ್ರ ಮರಾಠಿ, ಹಿಂದಿ ಎರಡೂ ಕೇಳಿಸುತ್ತವೆ. ಕೆಲವೊಮ್ಮೆ ಕಥೆ ಜಾಸ್ತಿ ಮೆತ್ತಗಾಯಿತು ಅನ್ನಿಸುತ್ತದೆ, ನಿಜ. ಊರಿನ ಕ್ರೌರ್ಯ ಬೂ ಅವರಲ್ಲಿರುವಷ್ಟು ಇಲ್ಲಿಲ್ಲ.

ಆದರೂ ಅಕ್ಕನ ಮಗಳ ಕೈಗೆ ಮೊದಲು ಕೊಟ್ಟದ್ದು ಕಾಯ್ಕಿಣಿಯನ್ನೇ. ಬೂ ಆರು ತಿಂಗಳು ಕಳೆದ ಮೇಲೆ. ಮೆಹ್ತಾ ಮನೆಯಲ್ಲೇ ಇರಲಿ, ಭಾನುವಾರ ಮಲಗಿಕೊಂಡು ಓದಲಿ. ಈಗ ಅವಳು ದಾದರ್‌ನಲ್ಲಿ ಇಳಿಯುತ್ತಾಳೆ. ಮೊನ್ನೆ ಕಥೆ ಮುಗಿಸುವ ಭರದಲ್ಲಿ ದಾದರ್ ದಾಟಿ ಭಾಯಖಳಾವರೆಗೆ (ಬೈಕುಲಾ) ಹೋಗಿ ವಾಪಸ್ ಬಂದಳಂತೆ.