ರವೆ ಮೆತ್ತಿದ ಕೈಗೆ ಟಚ್ ಸ್ಕ್ರೀನ್ ಆಗಿಬರಲ್ಲ: ಫೇಡರ್‌ಪೋರ್ಟ್ ತಗೊಂಡ ಕಥೆ

ಮೃದಂಗ ನುಡಿಸುವವರಿಗೆ ಗೊತ್ತು, ಎಡಗಡೆಗೆ ರವೆ ಕಲಸಿ ಹಚ್ಚಿದ ಮೇಲೆ ಆ ಕೈಯಲ್ಲಿ ಬೇರೆ ಏನನ್ನೂ ಮುಟ್ಟುವ ಹಾಗಿಲ್ಲ. ನಾನೋ ಮನೆಯ ಒಂದು ರೂಮಿನಲ್ಲಿ ಒಬ್ಬನೇ ನುಡಿಸಿ, ಒಬ್ಬನೇ ರೆಕಾರ್ಡ್ ಮಾಡಿಕೊಳ್ಳುವವನು. ಎರಡು ವರ್ಷ ಐಪ್ಯಾಡ್‌ನಲ್ಲಿ ಲಾಜಿಕ್ ರಿಮೋಟ್ (ಕಂಪ್ಯೂಟರಿನಲ್ಲಿರೋ ಲಾಜಿಕ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರನ್ನು ದೂರದಿಂದ ನಡೆಸುವ ಆ್ಯಪ್) ಹಾಕಿಕೊಂಡು ಕೆಲಸ ನಡೆಸಿದೆ. ಆ್ಯಪ್ ಪುಕ್ಕಟೆ, ಇಡೀ ಮಿಕ್ಸರ್ ತೊಡೆ ಮೇಲೆ ಬಂದು ಕೂರುತ್ತೆ, ಇನ್ನೇನು ಬೇಕು ಅನ್ನಿಸಿತ್ತು. ಆದರೆ ಈ ಸ್ಕ್ರೀನುಗಳು ಬೆರಳು ತಾಗಿದಾಗ ಆಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸಿ ಕೆಲಸ ಮಾಡೋದು, ನೀರು ತಾಗಿದರೆ ಅದಕ್ಕೆ ಗೊಂದಲ. ಒದ್ದೆ ಬೆರಳಲ್ಲಿ ಒತ್ತೋದು, ಆಗಲಿಲ್ಲ ಅಂತ ಪಂಚೆಗೆ ಒರೆಸಿಕೊಂಡು ಇನ್ನೊಂದು ಸಲ ಒತ್ತೋದು, ಅಷ್ಟರಲ್ಲಿ ತಲೆಯಲ್ಲಿದ್ದ ಮೋರಾ (ಮುಕ್ತಾಯಕ್ಕೆ ಮೂರು ಸಲ ನುಡಿಸುವ ಲಯದ ತುಣುಕು) ಹಾರಿಹೋಗಿರುತ್ತಿತ್ತು.

ಕೊನೆಗೆ ಪ್ರಿಸೋನಸ್ ಕಂಪನಿಯ ಫೇಡರ್‌ಪೋರ್ಟ್ ತಗೊಂಡೆ, ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಪುಟ್ಟ ಉಪಕರಣ. 2018ರಲ್ಲಿ ಬಂದ ಎರಡನೇ ಆವೃತ್ತಿ. ಒಂದೇ ಒಂದು ಫೇಡರ್ (ದನಿ ಏರಿಸಿ ಇಳಿಸಲು ಮೇಲೆ ಕೆಳಗೆ ಜಾರಿಸುವ ಗುಂಡಿ), 100 ಮಿಲಿಮೀಟರ್ ಉದ್ದ, ಒಳಗೆ ಮೋಟಾರ್, ಪಕ್ಕದಲ್ಲಿ ಒಂದಷ್ಟು ಬಟನ್. ಮ್ಯಾಕಿ ಕಂಟ್ರೋಲ್ ಮೋಡ್ (ಇಂಥ ಉಪಕರಣ ಸಾಫ್ಟ್‌ವೇರ್ ಜೊತೆ ಮಾತಾಡುವ ಒಂದು ಪದ್ಧತಿ) ಇರೋದರಿಂದ ಲಾಜಿಕ್ ಜೊತೆ ಹೊಂದಿಕೊಳ್ಳುತ್ತೆ. ಹಿಂದೆ ಕಾಲಲ್ಲಿ ಒತ್ತುವ ಪೆಡಲ್‌ಗೆ ಜಾಕ್ ಇದೆ. ನನ್ನಂಥವನಿಗೆ ಆ ಜಾಕ್ ಒಂದಕ್ಕೇ ದುಡ್ಡು ಕೊಡಬಹುದು. ಕೈ ಮೃದಂಗದ ಮೇಲೆ, ಕೆಲಸ ಕಾಲಿಗೆ.

ಆದರೆ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಮಿಕ್ಸಿಂಗ್‌ನಲ್ಲಿ, ಅಂದರೆ ರೆಕಾರ್ಡ್ ಆದ ದನಿಗಳನ್ನೆಲ್ಲ ಹದವಾಗಿ ಸೇರಿಸುವಾಗ. ಒಂದು ಭಾವಗೀತೆ ಇತ್ತು, ಹಾಡಿದವರದು ಒಳ್ಳೆ ದನಿ, ಆದರೆ ಸಾಲಿನ ಕೊನೆಗೆ ಬರೋ ಹೊತ್ತಿಗೆ ಉಸಿರು ಸಾಲದೆ ಕೊನೆಯ ಅಕ್ಷರ ನುಂಗಿಬಿಡುತ್ತಿದ್ದರು. 'ಮರೆಯಲಾರೆ' ಅಂದರೆ 'ಮರೆಯಲಾ' ಅಷ್ಟೇ ಕೇಳೋದು. ಆ 'ರೆ'ಗೆ ಎರಡು ಮೂರು ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಎತ್ತಿ, ಮುಂದಿನ ಸಾಲು ಶುರುವಾಗುವ ಮೊದಲೇ ಇಳಿಸಬೇಕು. ಗಾಜಿನ ಮೇಲೆ ಇದನ್ನು ಮಾಡುವಾಗ ಬೆರಳು ಎಲ್ಲಿದೆ ಅಂತ ನೋಡುತ್ತಲೇ ಇರಬೇಕು. ಕಣ್ಣು ಅಲ್ಲಿಗೆ ಹೋಯಿತೋ, ಕಿವಿ ಅರ್ಧ ಮುಚ್ಚಿದ ಹಾಗೇ. ಫೇಡರ್ ಮೇಲಾದರೆ ಕಣ್ಣು ಮುಚ್ಚಿಕೊಂಡು, ಹಾಡಿನ ಜೊತೆ ನಾನೂ ಉಸಿರು ಎಳೆದುಕೊಂಡು ಎತ್ತುತ್ತೇನೆ. ಎಷ್ಟು ಎತ್ತಿದೆ ಅಂತ ಬೆರಳಿಗೇ ಗೊತ್ತಾಗುತ್ತೆ. ಆಟೊಮೇಶನ್ (ಫೇಡರ್ ಓಡಾಟವನ್ನು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳೋದು) ಟಚ್ ಮೋಡ್‌ನಲ್ಲಿಟ್ಟರೆ ಬೆರಳು ಇಟ್ಟಷ್ಟು ಹೊತ್ತು ಮಾತ್ರ ಬರೆದುಕೊಳ್ಳುತ್ತೆ, ಬಿಟ್ಟ ಮೇಲೆ ಫೇಡರ್ ತಾನೇ ಹಳೇ ಜಾಗಕ್ಕೆ ವಾಪಸ್. ಮೊದಲ ಸಲ ಅದನ್ನು ನೋಡಿದ ಅಮ್ಮ "ಇದೇನೋ ತಾನಾಗೇ ಓಡಾಡ್ತಿದೆಯಲ್ಲೋ" ಅಂತ ಬಾಗಿಲಲ್ಲೇ ನಿಂತುಬಿಟ್ಟರು.

ಹಾಗಂತ ಐಪ್ಯಾಡ್ ಮಾರಿಲ್ಲ. ಇದರಲ್ಲಿ ಇರೋದು ಒಂದೇ ಫೇಡರ್, ಅಂದರೆ ಒಂದು ಸಲಕ್ಕೆ ಒಂದೇ ಟ್ರ್ಯಾಕ್. ತಂಬೂರ ಇಳಿಸುತ್ತಾ ಕೊಳಲು ಎತ್ತಬೇಕು ಅಂದರೆ ಎರಡು ಬೆರಳಿಗೆ ಸ್ಕ್ರೀನೇ ಬೇಕು. ಇಕ್ಯೂ (ದನಿಯ ತಗ್ಗು, ಎತ್ತರದ ಭಾಗಗಳನ್ನು ಹದ ಮಾಡೋದು) ಅಂತೂ ಸ್ಕ್ರೀನಿನಲ್ಲೇ ಸಲೀಸು, ಗೆರೆಯನ್ನು ಹಿಡಿದು ಎಳೆದರೆ ಆಯಿತು. ಅದನ್ನು ಒಂದು ಗುಂಡಿ ತಿರುಗಿಸಿ ಮಾಡೋರ ತಾಳ್ಮೆ ನನಗಿಲ್ಲ. ಹಾಡೋರು ಪಕ್ಕದ ರೂಮಿನಲ್ಲಿದ್ದಾಗಲೂ ಐಪ್ಯಾಡನ್ನೇ ಎತ್ತಿಕೊಂಡು ಹೋಗುತ್ತೇನೆ, ಫೇಡರ್‌ಪೋರ್ಟ್‌ಗೆ ಯುಎಸ್‌ಬಿ ವೈರು, ಅಡಾಪ್ಟರ್ ಎರಡೂ ಇದೆ, ಮೇಜು ಬಿಟ್ಟು ಕದಲಲ್ಲ.

ಬರೀ ಬೀಟ್ ಜೋಡಿಸಿ ಹಾಡು ಮಾಡುವವರಾದರೆ ಇದು ಬೇಡ, ಸುಮ್ನೆ ಜಾಗ ದಂಡ. ದನಿ ಇರುವ ಹಾಡು ವಾರಕ್ಕೊಂದಾದರೂ ಮಿಕ್ಸ್ ಮಾಡುತ್ತೀರಾ, ತಗೊಳ್ಳಿ. ಆದರೆ ತಗೊಳ್ಳೋ ಮುಂಚೆ ಅಂಗಡಿಯಲ್ಲಿ ಫೇಡರ್ ಒಮ್ಮೆ ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿ, ಬಿಗಿ ಎಷ್ಟಿರಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಮೃದಂಗದವರಿಗೆ ಇನ್ನೊಂದು ಮಾತು: ಒಣಗಿದ ರವೆ ಪುಡಿಪುಡಿಯಾಗಿ ಉದುರುತ್ತೆ ಅಲ್ವಾ, ಅದು ಫೇಡರ್ ಓಡಾಡೋ ಸೀಳಿನೊಳಗೆ ಇಳಿಯಬಾರದು. ನುಡಿಸುವಾಗೆಲ್ಲ ನಾನು ಅದರ ಮೇಲೆ ಹಳೇ ಶಲ್ಯ ಮುಚ್ಚಿಡುತ್ತೇನೆ.