ಕಾಲೇಜು ಹಾಸ್ಟೆಲ್ ವಾಸ: ಪೂರ್ತಿ ಪದವಿಯ ಅವಧಿ ಬಳಸಿದ ಮೇಲಿನ ವಿಮರ್ಶೆ

ಸೇರುವ ದಿನ ಎಲ್ಲ ಹಾಸ್ಟೆಲುಗಳೂ ಚೊಕ್ಕಟವಾಗಿಯೇ ಕಾಣುತ್ತವೆ. ರಜೆಯಲ್ಲಿ ಗೋಡೆಗೆ ಬಣ್ಣ ಬಿದ್ದಿರುತ್ತದೆ, ನೆಲ ಒರೆಸಿರುತ್ತದೆ, ಸ್ನಾನಗೃಹ ವಾರಗಟ್ಟಲೆ ಯಾರೂ ಕಾಲಿಡದೆ ಒಣಗಿರುತ್ತದೆ. ಆ ದಿನದ ಅಭಿಪ್ರಾಯವನ್ನು ನಂಬಬೇಡಿ. ಇಬ್ಬರು ಅಥವಾ ಮೂವರ ಕೊಠಡಿ, ಮಹಡಿಗೊಂದು ಸಾಮೂಹಿಕ ಸ್ನಾನಗೃಹ, ಎಲ್ಲರಿಗೂ ಸೇರಿ ಒಂದು ವಾಷಿಂಗ್ ಮೆಷಿನ್, ಒಂದು ನೀರಿನ ಫಿಲ್ಟರ್ ಇರುವ ಹಾಸ್ಟೆಲಿನಲ್ಲಿ ವರ್ಷಗಳು ಕಳೆದಂತೆ ಯಾವುದು ಬಾಳುತ್ತದೆ, ಯಾವುದು ಕೆಡುತ್ತದೆ, ಕೆಟ್ಟದ್ದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಹಾಸ್ಟೆಲನ್ನು ಕೆಡಿಸುವುದು ಧೂಳಲ್ಲ, ಒದ್ದೆ. ಧೂಳನ್ನು ಗುಡಿಸಿದರೆ ಆಯಿತು. ಆರದ ಒದ್ದೆ ಮಾತ್ರ ವಾಸನೆಯಾಗಿ, ಬೂಷ್ಟಾಗಿ, ಹುಳುಕಡ್ಡಿಯಾಗಿ, ಸೊಳ್ಳೆಯಾಗಿ ಮತ್ತೆ ಮತ್ತೆ ಬರುತ್ತದೆ. ಕೆಳಗೆ ಕೊಟ್ಟ ಅಂಕಗಳೆಲ್ಲ ಬಹುಮಟ್ಟಿಗೆ ಈ ಅಳತೆಗೋಲಿನವು.

ಸ್ನಾನಗೃಹ ಮತ್ತು ಶೌಚಾಲಯ: 5ಕ್ಕೆ 2

ಮೊದಲು ನೋಡಬೇಕಾದದ್ದು ನೆಲದ ಇಳಿಜಾರು. ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಜಾರಿದ್ದರೆ ನೀರು ತಾನಾಗಿ ಚರಂಡಿ ತೂತಿನ ಜಾಲಿ ಸೇರುತ್ತದೆ. ಬಾಗಿಲ ಬಳಿ ಒಂದು ಮಗ್ ನೀರು ಸುರಿದು ನೋಡಿ. ಮೂಲೆಯಲ್ಲಿ ಹಳ್ಳವಾಗಿ ನಿಂತಿತೋ, ಆ ಸ್ನಾನಗೃಹವನ್ನು ದಿನಕ್ಕೆ ನಾಲ್ಕು ಸಲ ತೊಳೆದರೂ ಪಾಚಿ ಕಟ್ಟುವುದು ತಪ್ಪದು. ನೆಲ ಅಗೆದು ಹೊಸದಾಗಿ ಹಾಕುವವರೆಗೆ ಅಲ್ಲಿ ಕೆಲಸಕ್ಕೆ ಬರುವುದು ಉದ್ದ ಹಿಡಿಯ ರಬ್ಬರ್ ವೈಪರ್ ಒಂದೇ. ಸ್ನಾನ ಮುಗಿಸಿದವರು ಅರ್ಧ ನಿಮಿಷ ನೀರು ಎಳೆದು ಹೋಗುವ ಅಭ್ಯಾಸ ಮಹಡಿಯಲ್ಲಿ ಬೆಳೆದರೆ ಸ್ನಾನಗೃಹದ ರೂಪವೇ ಬೇರೆ. ವೈಪರನ್ನು ಗೋಡೆಗೆ ಮೊಳೆ ಹೊಡೆದು ಕಣ್ಣಿಗೆ ಬೀಳುವಂತೆ ನೇತುಹಾಕಬೇಕು; ಮೂಲೆಯಲ್ಲಿ ಇಟ್ಟರೆ ಯಾರೂ ಮುಟ್ಟುವುದಿಲ್ಲ.

ಎರಡನೆಯದು ಜಾಲಿಯ ಕೆಳಗಿನ ಟ್ರ್ಯಾಪ್, ಅಂದರೆ ನೀರು ಹಿಡಿದಿಡುವ ಗುಂಡಿಯಂಥ ಭಾಗ. ಅದರಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿಯನ್ನೂ ಜಿರಳೆಯನ್ನೂ ತಡೆಯುವುದು ಆ ನೀರೇ. ರಜೆ ಮುಗಿಸಿ ಬಂದಾಗ ಮೂಗಿಗೆ ಹೊಡೆಯುವ ನಾತಕ್ಕೆ ಹೆಚ್ಚಿನ ಸಲ ಕೊಳಕು ಕಾರಣವಲ್ಲ, ಟ್ರ್ಯಾಪಿನ ನೀರು ಆರಿಹೋಗಿರುತ್ತದೆ. ಎರಡು ಲೀಟರ್ ನೀರು ಸುರಿದರೆ ಸಾಕು, ವಾಸನೆ ನಿಲ್ಲುತ್ತದೆ. ಹೀಗೆ ಮಾಡಿದರೂ ನಿಲ್ಲದಿದ್ದರೆ ಜಾಲಿ ಎತ್ತಿ ನೋಡಿ. ಕೆಲವು ಮಾದರಿಗಳಲ್ಲಿ ಒಳಗೆ ಬಟ್ಟಲಿನಂಥ ಒಂದು ಮುಚ್ಚಳ ಇರುತ್ತದೆ. ನೀರು ಬೇಗ ಇಳಿಯಲಿ ಎಂದು ಅದನ್ನು ಯಾರೋ ತೆಗೆದು ಬಿಸಾಡಿರುತ್ತಾರೆ. ಅದಿಲ್ಲದೆ ಎಷ್ಟು ನೀರು ಸುರಿದರೂ ಚರಂಡಿ ಬಾಯಿ ತೆರೆದೇ ಇರುತ್ತದೆ.

ನೀರು ಕಟ್ಟಿಕೊಳ್ಳಲು ಕಾರಣ ಕೂದಲು ಮತ್ತು ಸಾಬೂನಿನ ಜಿಡ್ಡು. ವಾರಕ್ಕೊಮ್ಮೆ ಜಾಲಿ ಎತ್ತಿ ತಂತಿಯ ಕೊಕ್ಕೆಯಿಂದ ಕೂದಲು ಎಳೆದು ತೆಗೆದರೆ ಪ್ಲಂಬರ್ ಬೇಕಾಗುವುದಿಲ್ಲ. ಆಸಿಡ್ ಸುರಿದರೆ ಕೂದಲು ಕರಗುತ್ತದೆ ಎಂಬುದು ತಪ್ಪು ನಂಬಿಕೆ. ಕೂದಲು ಹಾಗೇ ಉಳಿದು ಟೈಲ್ಸ್ ನಡುವಿನ ಸಿಮೆಂಟು ಕರಗುತ್ತದೆ. ಆ ಸಂದಿನಲ್ಲಿ ನೀರು ಇಳಿದು ಕೆಳಗಿನ ಕೊಠಡಿಯ ಚಾವಣಿಯಲ್ಲಿ ಕಲೆ ಮೂಡುತ್ತದೆ. ಹಳೆಯ ಹಾಸ್ಟೆಲುಗಳ ಸೋರಿಕೆಯಲ್ಲಿ ಇಂಥ ಆಸಿಡ್ ತೊಳೆತದ ಪಾಲು ದೊಡ್ಡದು.

ಆಸಿಡ್ ಇರುವ ಕ್ಲೀನರಿಗೆ ಸರಿಯಾದ ಜಾಗ ಕಮೋಡಿನ ಒಳಗೆ ಮಾತ್ರ. ಫಿನಾಯಿಲ್ ಹಾಕಿದ ಅರ್ಧ ಗಂಟೆಗೇ ಮೂತ್ರದ ವಾಸನೆ ಮತ್ತೆ ಬರುತ್ತಿದ್ದರೆ, ಅಂಚಿನ ಕೆಳಗೆ ಮೂತ್ರದ ಲವಣ ಗಟ್ಟಿಯಾಗಿ ಕೂತಿದೆ ಎಂದರ್ಥ. ಅದು ಫಿನಾಯಿಲಿಗೂ ಸೋಪಿಗೂ ಬಿಡದು. ಕ್ಲೀನರನ್ನು ಅಂಚಿನ ಸುತ್ತ ಹಾಕಿ 20 ನಿಮಿಷ ಬಿಟ್ಟು ಬ್ರಷ್‌ನಿಂದ ಉಜ್ಜಬೇಕು. ನಲ್ಲಿ ಮತ್ತು ಶವರಿನ ಬಿಳಿ ಕಟ್ಟು ಗಡಸು ನೀರಿನ ಸುಣ್ಣ. ಅದಕ್ಕೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಬಟ್ಟೆ ಅದ್ದಿ ಅರ್ಧ ಗಂಟೆ ಸುತ್ತಿಟ್ಟರೆ ಸಾಕು.

ಇಲ್ಲಿ ಪ್ರಾಣಕ್ಕೆ ಕುತ್ತು ತರುವ ತಪ್ಪೊಂದಿದೆ. ಆಸಿಡ್ ಕ್ಲೀನರ್ ಮತ್ತು ಬ್ಲೀಚ್ ಒಂದಕ್ಕೊಂದು ತಾಗಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿಯಿಲ್ಲದ ಸಣ್ಣ ಶೌಚಾಲಯದಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಎರಡೂ ಬಾಟಲಿಗಳನ್ನು ಒಂದೇ ಬಕೆಟ್ಟಿನಲ್ಲಿ ಹೊತ್ತು ತಿರುಗುವುದು ಎಲ್ಲೆಡೆ ಕಾಣುವ ನೋಟ, ಆದ್ದರಿಂದ ಶುಚಿ ಮಾಡುವವರಿಗೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ಒಂದನ್ನು ಬಳಸಿದ ಜಾಗದಲ್ಲಿ ಧಾರಾಳ ನೀರು ಹರಿಸದೆ ಇನ್ನೊಂದನ್ನು ಹಾಕಬಾರದು. ಘಾಟು ಎದ್ದರೆ ಕೂಡಲೇ ಹೊರಗೆ ಬರಬೇಕು.

ಬ್ಲೀಚಿನ ಅಳತೆ ಹೀಗೆ: ಶೇ 5ರ ದ್ರಾವಣವಾದರೆ ಲೀಟರ್ ನೀರಿಗೆ 20 ಮಿಲಿಲೀಟರ್. ಮೊದಲು ಸೋಪಿನ ನೀರಿನಲ್ಲಿ ಜಿಡ್ಡು ತೆಗೆಯಬೇಕು, ಇಲ್ಲವಾದರೆ ಕ್ಲೋರಿನ್ ಕೊಳಕಿನೊಡನೆಯೇ ಸವೆದು ಕೀಟಾಣುವಿಗೆ ಏನೂ ಉಳಿಯುವುದಿಲ್ಲ. ಹಚ್ಚಿದ ಮೇಲೆ 10 ನಿಮಿಷ ಹಸಿಯಾಗಿರಬೇಕು. ಕಲಸಿದ ನೀರು ಮರುದಿನಕ್ಕೆ ಬರುವುದಿಲ್ಲ.

ಶುಚಿಯ ವೇಳೆಯ ಬಗ್ಗೆ ನಮ್ಮ ಅಭಿಪ್ರಾಯ ಖಚಿತ. ಬೆಳಗಿನ 6 ಗಂಟೆಗೆ, ಎಲ್ಲರೂ ಸ್ನಾನಕ್ಕೆ ಬರುವ ಮೊದಲು ತೊಳೆದರೆ ಶ್ರಮವೆಲ್ಲ ಒಂದು ಗಂಟೆಯಲ್ಲಿ ನೀರುಪಾಲು. ಎಲ್ಲರೂ ತರಗತಿಗೆ ಹೋದ ಮೇಲೆ, 10 ಗಂಟೆ ಸುಮಾರಿಗೆ ತೊಳೆದು ನೀರೆಳೆದರೆ ಸಂಜೆಯವರೆಗೂ ನೆಲ ಒಣಗಿರುತ್ತದೆ. ಜನವೂ ಅಷ್ಟೇ ಮುಖ್ಯ. ಒಂದು ಶೌಚಾಲಯಕ್ಕೆ 8 ಜನವಾದರೆ ಹೇಗೋ ನಿಭಾಯಿಸಬಹುದು. 12 ದಾಟಿದರೆ ನೆಲಕ್ಕೆ ಆರಲು ಬಿಡುವೇ ಸಿಗದು.

ಶೌಚಾಲಯಕ್ಕೆ ಬಳಸಿದ ಮಾಪಿನಲ್ಲೇ ಮೊಗಸಾಲೆಯನ್ನೂ ಕೊಠಡಿಯನ್ನೂ ಒರೆಸುವುದು ಶುಚಿಯಲ್ಲ, ಕೊಳೆಯನ್ನು ಮನೆಮನೆಗೆ ಹಂಚುವುದು. ಎರಡು ಬಣ್ಣದ ಹಿಡಿ, ಎರಡು ಬಕೆಟ್ ಬೇಕು. ಕೆಲಸವಾದ ಮೇಲೆ ಮಾಪನ್ನು ಹಿಂಡಿ ತಲೆ ಕೆಳಗಾಗಿ ನೇತುಹಾಕಿ ಒಣಗಿಸಬೇಕು. ಬಕೆಟ್ಟಿನಲ್ಲೇ ಅದ್ದಿಟ್ಟ ಮಾಪು ಮರುದಿನ ತಾನೇ ನಾರುತ್ತದೆ.

ಹುಳುಕಡ್ಡಿ ಹರಡುವುದು ಒದ್ದೆ ನೆಲ, ಹಂಚಿಕೊಂಡ ಟವೆಲ್, ಸರಿಯಾಗಿ ಆರದ ಒಳಉಡುಪುಗಳ ಮೂಲಕ. ಸ್ನಾನಗೃಹಕ್ಕೇ ಬೇರೆ ಚಪ್ಪಲಿ ಇರಲಿ. ಬೆರಳ ಸಂದುಗಳನ್ನು ಒರೆಸಿಕೊಂಡ ಮೇಲೇ ಕಾಲುಚೀಲ ಹಾಕಿ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ಅಡಗುತ್ತದೆ, ಶಿಲೀಂಧ್ರ ಮಾತ್ರ ಚರ್ಮದಲ್ಲಿ ಇನ್ನಷ್ಟು ಹರಡುತ್ತದೆ. ವೈದ್ಯರು ಬರೆದುಕೊಟ್ಟ ಔಷಧವನ್ನು ಕಲೆ ಮಾಸಿತೆಂದು ನಿಲ್ಲಿಸದೆ ಅವರು ಹೇಳಿದಷ್ಟು ದಿನ ಹಚ್ಚಬೇಕು.

ಹಾಸಿಗೆ ಮತ್ತು ತಿಗಣೆ: 5ಕ್ಕೆ 1

ಹಾಸ್ಟೆಲ್ ವಾಸದ ಅತ್ಯಂತ ದುರ್ಬಲ ಭಾಗ ಇದು. ಕೊಠಡಿ ಸಿಕ್ಕ ಕೂಡಲೇ, ಸಾಮಾನು ಬಿಚ್ಚುವ ಮೊದಲೇ, ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಕೂಡುಗಳು, ಸ್ಕ್ರೂ ತೂತುಗಳು, ತಲೆಹಲಗೆಯ ಹಿಂಭಾಗ, ಗೋಡೆಯ ಬಿರುಕು ನೋಡಿ. ಪೆನ್ನಿನ ತುದಿಯಿಂದ ಇಟ್ಟಂಥ ಕಪ್ಪು ಚುಕ್ಕೆಗಳು, ತೆಳು ಕಂದು ಬಣ್ಣದ ಪೊರೆ, 1 ಮಿಲಿಮೀಟರಿನ ಬಿಳಿ ಮೊಟ್ಟೆಗಳು ಗುರುತು. ಚುಕ್ಕೆಯ ಮೇಲೆ ಒದ್ದೆ ಬಟ್ಟೆ ಉಜ್ಜಿದರೆ ಕೆಂಗಂದು ಬಣ್ಣ ಹರಡಿದರೆ ಅದು ತಿಗಣೆಯ ಹಿಕ್ಕೆ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತದೆ, ಬರಿಗಣ್ಣಿಗೆ ಕಾಣುತ್ತದೆ.

ಎಲ್ಲರೂ ಮೊದಲು ಮಾಡುವ ಮೂರು ಕೆಲಸಗಳು ಮೂರೂ ಸೋಲುತ್ತವೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಮೇಲ್ಮೈ ಕಾಯುತ್ತದೆ, ಒಳಗೆ ಬೇಕಾದಷ್ಟು ಬಿಸಿ ಇಳಿಯದು. ತಿಗಣೆ ತಂಪಿನ ಬದಿಗೆ ಸರಿಯುತ್ತದೆ. ಹೊಗೆ ಡಬ್ಬಿ ಹಚ್ಚಿದರೆ ಔಷಧ ಸಂದಿಗಳೊಳಗೆ ಹೋಗುವುದಿಲ್ಲ, ಅಡಗಿದ್ದವು ಚದುರಿ ಪಕ್ಕದ ಕೊಠಡಿ ಸೇರುತ್ತವೆ. ಒಂದೇ ಸಲ ಸಿಂಪಡಿಸಿ ಕೈತೊಳೆದುಕೊಂಡರೆ ಉಳಿದ ಮೊಟ್ಟೆಗಳು ಒಂದೆರಡು ವಾರದಲ್ಲಿ ಒಡೆದು ಮತ್ತೆ ಮೊದಲಿನಂತೆಯೇ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಿಗೆ ತಿಗಣೆಗಳು ಬಹಳ ಕಡೆ ಬಗ್ಗದಂತಾಗಿವೆ ಎಂಬುದೂ ನೆನಪಿರಲಿ.

ಕೆಲಸ ಮಾಡುವುದು ಬಿಸಿ ಮತ್ತು ತಾಳ್ಮೆ. ಬಟ್ಟೆ, ಹೊದಿಕೆ, ದಿಂಬಿನ ಚೀಲಗಳನ್ನು ಕೊಠಡಿಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಒಯ್ಯಿರಿ, ಕೈಯಲ್ಲಿ ಹಿಡಿದು ಮೊಗಸಾಲೆಯಲ್ಲಿ ನಡೆಯಬೇಡಿ. 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಿರಿ, ಇಲ್ಲವೇ ಡ್ರೈಯರಿನಲ್ಲಿ ಹೆಚ್ಚಿನ ಬಿಸಿಗೆ 30 ನಿಮಿಷ ಇಡಿ. ಮಂಚದ ಕೂಡುಗಳಿಗೆ ಹಬೆ ಅಥವಾ ಕುದಿನೀರು. ಹಾಸಿಗೆಗೆ ಜಿಪ್ ಇರುವ ಪೂರ್ತಿ ಕವಚ ಹಾಕಿ ಒಂದು ವರ್ಷ ತೆಗೆಯಬಾರದು. ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಮಂಚವನ್ನು ಗೋಡೆಯಿಂದ 15 ಸೆಂಟಿಮೀಟರ್ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ಔಷಧ ಹೊಡೆಸುವುದಾದರೆ ಎಡ, ಬಲ, ಮೇಲೆ, ಕೆಳಗಿನ ಕೊಠಡಿಗಳನ್ನೂ ಸೇರಿಸಿ, 10ರಿಂದ 14 ದಿನ ಬಿಟ್ಟು ಎರಡನೇ ಸಲ ಹೊಡೆಸಲೇಬೇಕು. ಒಂದೇ ಕೊಠಡಿಗೆ ಹೊಡೆಸಿ ಬಿಲ್ ಮುಗಿಸುವ ಆಡಳಿತ ತಿಗಣೆಗೆ ಮಹಡಿ ಸುತ್ತಿಸುತ್ತದೆ, ಅಷ್ಟೇ.

ಕಬ್ಬಿಣದ ಮಂಚ ಮರದ ಮಂಚಕ್ಕಿಂತ ಖಂಡಿತ ಮೇಲು. ಆದರೆ ಪೈಪಿನ ತುದಿಗಳ ಪ್ಲಾಸ್ಟಿಕ್ ಬಿರಡೆಗಳು ಉದುರಿದ್ದರೆ ಟೊಳ್ಳಿನೊಳಗೇ ಗೂಡು ಕಟ್ಟುತ್ತವೆ. ಹೊಸ ಬಿರಡೆ ಹಾಕಿಸಿ. ಇನ್ನೊಂದು ಮಾತು: ತಿಗಣೆ ಬರುವುದು ಪೆಟ್ಟಿಗೆ, ಚೀಲಗಳಲ್ಲಿ, ಕೊಳಕು ಜನರಿಂದಲ್ಲ. ನಾಚಿಕೆಯಿಂದ ಹೇಳದೆ ಉಳಿದ ಎರಡು ವಾರ ಇಡೀ ಮಹಡಿಗೆ ದುಬಾರಿಯಾಗುತ್ತದೆ. ಕಜ್ಜಿಯ ವಿಷಯದಲ್ಲೂ ಹಾಗೆಯೇ. ಕೊಠಡಿಯ ಎಲ್ಲರೂ ಒಂದೇ ದಿನ ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ಅದು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಕೊಠಡಿಯ ಗಾಳಿ: 5ಕ್ಕೆ 3

ಮುಚ್ಚಿದ ಕೊಠಡಿಯಲ್ಲಿ ಒಂದು ಹೊರೆ ಬಟ್ಟೆ ಒಣಗಿಸಿದರೆ ಸುಮಾರು 2 ಲೀಟರ್ ನೀರು ಗಾಳಿಗೆ ಸೇರುತ್ತದೆ. ಅದು ಹೋಗಿ ಕೂರುವುದು ತಣ್ಣನೆಯ ಹೊರಗೋಡೆಯ ಮೇಲೆ, ಅದರಲ್ಲೂ ಕಪಾಟಿನ ಹಿಂದೆ. ಒದ್ದೆಯಾದ ಜಾಗ ಒಂದೆರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಶುರುವಾಗುತ್ತದೆ. ಕಪಾಟು, ಮಂಚಗಳನ್ನು ಹೊರಗೋಡೆಯಿಂದ ಒಂದು ಗೇಣಾದರೂ ದೂರವಿಡಿ. ಬೂಷ್ಟನ್ನು ಒಣಪೊರಕೆಯಿಂದ ಗುಡಿಸಬಾರದು, ಬೀಜಕಣಗಳು ಹಾರುತ್ತವೆ. ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಜಾಗ ಪೂರ್ತಿ ಒಣಗಿಸಿ. ಬೂಷ್ಟಿನ ಮೇಲೇ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಬಣ್ಣ ಸಮೇತ ಏಳುತ್ತದೆ.

ಇದಕ್ಕೆಲ್ಲ ಮದ್ದು ತೆರೆದ ಕಿಟಕಿ. ಆದರೆ ಸೊಳ್ಳೆ ಜಾಲರಿ ಹರಿದಿದ್ದರೆ ಯಾರೂ ಕಿಟಕಿ ತೆರೆಯುವುದಿಲ್ಲ, ಕಿಟಕಿ ತೆರೆಯದ ಕೊಠಡಿ ಒಣಗುವುದಿಲ್ಲ. ಅಷ್ಟು ಸಣ್ಣ ಜಾಲರಿಯ ಮೇಲೆ ಕೊಠಡಿಯ ಆರೋಗ್ಯ ನಿಂತಿದೆ. ದೂರು ಪುಸ್ತಕದಲ್ಲಿ ಬರೆಯುವ ಮೊದಲ ಸಾಲು ಅದೇ ಆಗಿರಲಿ. ಆಸ್ತಮಾ ಇರುವವರು ನೆಲಮಹಡಿಯ, ಬಿಸಿಲು ಬೀಳದ ಕೊಠಡಿಯನ್ನು ಒಪ್ಪಿಕೊಳ್ಳಬಾರದು.

ನೀರು: 5ಕ್ಕೆ 3

ಮೇಲಿನ ಟ್ಯಾಂಕನ್ನು 6 ತಿಂಗಳಿಗೊಮ್ಮೆ ತೊಳೆಯಬೇಕು, ತೊಳೆದ ದಿನಾಂಕವನ್ನು ಟ್ಯಾಂಕಿನ ಮೇಲೆ ಬರೆದಿರಬೇಕು. ಕೆಸರು ತೆಗೆದು, ಗೋಡೆ ಉಜ್ಜಿ, ಮತ್ತೆ ತುಂಬಿಸಿ, 1,000 ಲೀಟರಿಗೆ ಶೇ 5ರ ಬ್ಲೀಚ್ 1 ಲೀಟರ್ ಬೆರೆಸಿ ಒಂದು ರಾತ್ರಿ ಬಿಟ್ಟು, ಆ ನೀರನ್ನು ಪೂರ್ತಿ ಹೊರಹಾಕಬೇಕು. ಆ ಹೊತ್ತಿನಲ್ಲಿ ನಲ್ಲಿ ನೀರು ಯಾರೂ ಬಳಸದಂತೆ ಮೊದಲೇ ಚೀಟಿ ಅಂಟಿಸಬೇಕು. ಮುಚ್ಚಳ ಬಿಗಿಯಾಗಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ.

ಫಿಲ್ಟರಿನ ಬಳಿ ಟಿಡಿಎಸ್ ಮೀಟರ್ ತೋರಿಸಿ ನೀರು ಶುದ್ಧ ಎನ್ನುವವರಿದ್ದಾರೆ. ಆ ಸಂಖ್ಯೆ ಕರಗಿದ ಲವಣದ್ದು, ಕೀಟಾಣುಗಳ ಬಗ್ಗೆ ಅದು ಏನನ್ನೂ ಹೇಳದು. ಕೇಳಬೇಕಾದದ್ದು ನೀರು ಸೋಸುವ ಕ್ಯಾಂಡಲ್ ಮತ್ತು ಕೀಟಾಣು ಕೊಲ್ಲುವ ಯುವಿ ದೀಪ ಬದಲಿಸಿದ ದಿನಾಂಕ. ದೀಪ ಉರಿಯುತ್ತಿದ್ದರೂ ಸುಮಾರು ಒಂದು ವರ್ಷಕ್ಕೆ ಅದರ ಶಕ್ತಿ ಇಳಿದಿರುತ್ತದೆ.

ತುಂಬಿಟ್ಟ ಬಕೆಟ್‌ಗಳು, ಕೂಲರಿನ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಇವು ಡೆಂಗಿ ಸೊಳ್ಳೆಯ ತೊಟ್ಟಿಲುಗಳು. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಬೇಕು. ಅದಕ್ಕಾಗಿಯೇ ವಾರಕ್ಕೊಮ್ಮೆ ಚೆಲ್ಲಿ, ಒಳಬದಿಯನ್ನು ಉಜ್ಜಬೇಕು. ಬರೀ ಚೆಲ್ಲಿದರೆ ಗೋಡೆಗೆ ಅಂಟಿದ ಮೊಟ್ಟೆಗಳು ಉಳಿಯುತ್ತವೆ.

ವಾಷಿಂಗ್ ಮೆಷಿನ್: 5ಕ್ಕೆ 4

ಹೆಚ್ಚು ಹೇಳುವುದಿಲ್ಲ. ಪುಡಿ ಜಾಸ್ತಿ ಹಾಕಬೇಡಿ, ಕೆಲಸವಾದ ಮೇಲೆ ಬಾಗಿಲು ತೆರೆದಿಡಿ, ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ 60 ಡಿಗ್ರಿಗೆ ಓಡಿಸಿ. ಹಾಸ್ಟೆಲಿನಲ್ಲಿ ಕೊಟ್ಟ ಹಣಕ್ಕೆ ಮೋಸ ಮಾಡದ ವಸ್ತು ಇದೊಂದೇ.

ರಜೆಗೆ ಹೊರಡುವಾಗ

ಎಷ್ಟೋ ಕೊಠಡಿಗಳು ಕೆಡುವುದು ಜನ ಇಲ್ಲದಾಗಲೇ. ಕಪಾಟಿನ ಬಾಗಿಲು ತೆರೆದಿಟ್ಟು, ಹಾಸಿಗೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿ. ಬಕೆಟ್ ಬೋರಲು ಹಾಕಿ. ಕಸದ ಬುಟ್ಟಿ ಖಾಲಿ ಮಾಡಿ. ಫ್ರಿಜ್ ಆರಿಸುವುದಾದರೆ ಬಾಗಿಲಿಗೆ ಬಟ್ಟೆಯ ಉಂಡೆ ಸಿಕ್ಕಿಸಿ. ಮರಳಿದ ದಿನ ಶವರನ್ನು 5 ನಿಮಿಷ ಓಡಲು ಬಿಟ್ಟು ಹೊರಗೆ ನಿಲ್ಲಿ, ಗೀಸರನ್ನು 60 ಡಿಗ್ರಿಗೆ ಕಾಯಿಸಿದ ಮೇಲೇ ಬಳಸಿ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ನೀರಿನ ಹನಿಗಳೊಡನೆ ಶ್ವಾಸಕ್ಕೆ ಸೇರುತ್ತದೆ. ಇಡೀ ಕಟ್ಟಡದಲ್ಲಿ ನೀರು ನಿಂತೇ ಇರಬೇಕಾದ ಜಾಗ ಸ್ನಾನಗೃಹದ ಟ್ರ್ಯಾಪ್ ಮಾತ್ರ. ಹೊರಡುವ ಮುನ್ನ ಅದಕ್ಕೆ ಎರಡು ಲೀಟರ್ ನೀರು ಸುರಿದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆವಿಯಾಗುವುದಿಲ್ಲ.