ಉರಿಯೂತ ಇಳಿಸುವ ಸ್ಟೆಮ್ ಸೆಲ್ ಡ್ರಿಪ್: ಸಂಧಿವಾತ ಇರುವವರಿಗೊಂದು ಎಚ್ಚರಿಕೆ

ರುಮಟಾಯ್ಡ್ ಸಂಧಿವಾತದಿಂದ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆಯಿಂದ, ಬಳಲುವವರಿಗೂ ಅವರ ಮನೆಯವರಿಗೂ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದು ನನ್ನ ಅಕ್ಕನಿಗೆ ಹೊಕ್ಕುಳಬಳ್ಳಿಯಿಂದ ತೆಗೆದ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಡ್ರಿಪ್ ಮೂಲಕ ರಕ್ತನಾಳಕ್ಕೆ ಹರಿಸಿತು. ಇದರಿಂದ ರೋಗನಿರೋಧಕ ವ್ಯವಸ್ಥೆಯೇ ಸರಿದಾರಿಗೆ ಬರುತ್ತದೆ ಎಂದು ಹೇಳಿ ಲಕ್ಷಗಟ್ಟಲೆ ಹಣ ಪಡೆಯಿತು. ಕೆಲವು ವಾರ ನೋವು ಇಳಿದದ್ದು ನಿಜ. ಆಮೇಲೆ ರೋಗ ಮೊದಲಿಗಿಂತ ಜೋರಾಗಿ ಮರಳಿತು. ಬಲಗೈಯ ಗೆಣ್ಣುಗಳಲ್ಲಿ ಹಿಂದೆ ಇಲ್ಲದಿದ್ದ ಮೂಳೆ ಸವೆತ ಎಕ್ಸ್‌ರೇಯಲ್ಲಿ ಕಂಡಿತು. ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಚಿಕಿತ್ಸಾಲಯದ ಹೆಸರು ಹೇಳುವುದಿಲ್ಲ. ಹೆಸರಿಗಿಂತ ಅವರು ಮುಂದಿಟ್ಟ ವಾದವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದೇ ವಾದವನ್ನು ಬೇರೆ ಚಿಕಿತ್ಸಾಲಯಗಳ ಜಾಹೀರಾತುಗಳಲ್ಲೂ ನೋಡಿದ್ದೇನೆ, ಮತ್ತು ಅದರಲ್ಲಿ ಅರ್ಧದಷ್ಟು ಸತ್ಯವಿರುವುದರಿಂದಲೇ ಓದು ಬರಹ ಬಲ್ಲವರೂ ಅದನ್ನು ನಂಬುತ್ತಾರೆ.

ಮೊದಲು ಆ ಸತ್ಯದ ಭಾಗವನ್ನು ಹೇಳಿಬಿಡುತ್ತೇನೆ. ಮೂಳೆಯ ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ ಇವುಗಳಿಂದ ಬೇರ್ಪಡಿಸುವ ಮೀಸೆಂಕೈಮಲ್ ಎಂಬ ಬಗೆಯ ಕಾಂಡಕೋಶಗಳಿಗೆ ರೋಗನಿರೋಧಕ ಕೋಶಗಳ ಮೇಲೆ ಪ್ರಭಾವ ಬೀರುವ ಶಕ್ತಿ ಇದೆ. ಪ್ರಯೋಗಾಲಯದಲ್ಲಿ ಟಿ ಕೋಶಗಳೆಂಬ ಕೆರಳಿದ ಬಿಳಿ ರಕ್ತಕಣಗಳ ಜೊತೆ ಇವನ್ನು ಬೆಳೆಸಿದರೆ ಟಿ ಕೋಶಗಳು ಹೆಚ್ಚುವ ವೇಗ ಕುಗ್ಗುತ್ತದೆ. ಐಡಿಒ ಎಂಬ ಕಿಣ್ವವನ್ನು ತಯಾರಿಸಿ, ಟಿ ಕೋಶಗಳಿಗೆ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಅವು ಒಡೆದುಹಾಕುತ್ತವೆ. ಪ್ರೋಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಸ್ರವಿಸಿ, ಉರಿಯೂತ ಹೆಚ್ಚಿಸುತ್ತಿದ್ದ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಐಎಲ್-10 ಎಂಬ ಶಮನಕಾರಿ ಪ್ರೊಟೀನನ್ನು ಹೊರಬಿಡುವಂತೆ ಮಾಡುತ್ತವೆ. 2004ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಕಟರೀನಾ ಲೆ ಬ್ಲಾಂಕ್ ಮತ್ತು ಸಂಗಡಿಗರು ಒಂಬತ್ತು ವರ್ಷದ ಬಾಲಕನೊಬ್ಬನ ಪ್ರಕರಣವನ್ನು ಪ್ರಕಟಿಸಿದರು. ಕಾಂಡಕೋಶ ಕಸಿಯ ನಂತರ ದಾನಿಯ ಕೋಶಗಳೇ ಆತನ ಕರುಳು ಮತ್ತು ಯಕೃತ್ತಿನ ಮೇಲೆ ದಾಳಿ ಮಾಡುತ್ತಿದ್ದವು, ಸ್ಟೀರಾಯ್ಡ್‌ಗೂ ರೋಗ ಬಗ್ಗಿರಲಿಲ್ಲ. ತಾಯಿಯ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಕೊಟ್ಟಾಗ ಆತ ಚೇತರಿಸಿಕೊಂಡ. ಚಿಕಿತ್ಸಾಲಯದ ಬಣ್ಣದ ಪುಸ್ತಿಕೆಯಲ್ಲಿ ಈ ಬಾಲಕನ ಪ್ರಸ್ತಾಪವಿತ್ತು. ಆದರೆ ಅದೇ ತೊಂದರೆಗೆ ಇಂಥ ಕೋಶಗಳ ಔಷಧವೊಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆಯಲು 2024ರ ಡಿಸೆಂಬರ್ ಆಗಬೇಕಾಯಿತು, ಅದೂ ಸ್ಟೀರಾಯ್ಡ್‌ಗೆ ಬಗ್ಗದ ಮಕ್ಕಳಿಗೆ ಮಾತ್ರ, ಎಂಬ ವಿಷಯ ಪುಸ್ತಿಕೆಯಲ್ಲಿ ಇರಲಿಲ್ಲ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಗುದದ ಬಳಿ ಆಗುವ ಫಿಸ್ಟುಲಾಗಳಿಗೆ, ಅಂದರೆ ಕೊಳವೆಯಂಥ ಹುಣ್ಣುಗಳಿಗೆ, 2018ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ಪಡೆದ ಅಲೋಫಿಸೆಲ್ ಎಂಬ ಕೋಶೌಷಧ, ಎರಡನೆಯ ದೊಡ್ಡ ಪ್ರಯೋಗದಲ್ಲಿ ಹುಸಿಮದ್ದಿಗಿಂತ ಮೇಲೆಂದು ತೋರಿಸಲಾಗದೆ 2024ರ ಕೊನೆಯಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಆ ಸಂಗತಿಯೂ ಅಲ್ಲಿ ಇರಲಿಲ್ಲ.

ಈ ಕೋಶಗಳ ಗುಣ ಸನ್ನಿವೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಸುತ್ತಲಿನಿಂದ ಇಂಟರ್‌ಫೆರಾನ್ ಗಾಮಾದಂಥ ಬಲವಾದ ಉರಿಯೂತದ ಸಂಕೇತ ಸಿಕ್ಕಾಗ ಮಾತ್ರ ಅವು ಶಮನದ ಕೆಲಸಕ್ಕೆ ಇಳಿಯುತ್ತವೆ. ಸಂಕೇತ ದುರ್ಬಲವಾಗಿದ್ದರೆ ಸುಮ್ಮನಿರಬಹುದು, ಕೆಲವು ಪ್ರಯೋಗಗಳಲ್ಲಿ ರೋಗನಿರೋಧಕ ಕೋಶಗಳನ್ನು ಇನ್ನಷ್ಟು ಕೆರಳಿಸಿದ್ದೂ ಉಂಟು. ದಾನಿಯಿಂದ ದಾನಿಗೆ ಅವುಗಳ ಶಕ್ತಿ ಬೇರೆ, ಶೀತಲೀಕರಿಸಿ ಕರಗಿಸಿದ ಕೂಡಲೇ ಕೊಟ್ಟರೆ ಮತ್ತೂ ಬೇರೆ. ಹೀಗಿರುವಾಗ ಯಾರ ಕೋಶ, ಯಾವಾಗ ಬೆಳೆಸಿದ್ದು, ಕೊಡುವ ಹೊತ್ತಿಗೆ ಎಷ್ಟು ಪಾಲು ಜೀವಂತವಾಗಿದ್ದವು ಎಂಬುದಕ್ಕೆ ಒಂದು ಚೀಟಿಯೂ ಇಲ್ಲದೆ ಕೊಡುವುದನ್ನು ಔಷಧವೆಂದು ಕರೆಯುವುದು ಹೇಗೆಂದು ನನಗೆ ಅರ್ಥವಾಗುವುದಿಲ್ಲ. ನಮಗೆ ಸಿಕ್ಕಿದ ಬಿಲ್ಲಿನಲ್ಲಿ "ಕೋಶ ಸಂಸ್ಕರಣಾ ಶುಲ್ಕ" ಎಂಬ ಒಂದೇ ಸಾಲಿತ್ತು, ಬ್ಯಾಚ್ ಸಂಖ್ಯೆ ಇರಲಿಲ್ಲ.

ಅಲ್ಲಿನ ಡಾಕ್ಟರು ಅಕ್ಕನಿಗೆ, "ನೋಡಿ ಮೇಡಂ, ಈ ಕೋಶಗಳು ಊತ ಎಲ್ಲಿದೆಯೋ ಅಲ್ಲಿಗೇ ಹುಡುಕಿಕೊಂಡು ಹೋಗಿ ಕೂರುತ್ತವೆ, ಅಲ್ಲೇ ಹೊಸ ಕಾರ್ಟಿಲೇಜ್ ಬೆಳೆಸುತ್ತವೆ" ಎಂದು ಹೇಳಿದ್ದರು. ಕಾರ್ಟಿಲೇಜ್ ಎಂದರೆ ಕೀಲಿನಲ್ಲಿರುವ ಮೃದು ಎಲುಬು. ಆದರೆ ರಕ್ತನಾಳಕ್ಕೆ ಬಿಟ್ಟ ಈ ಕೋಶಗಳು ಗಾತ್ರದಲ್ಲಿ ದೊಡ್ಡವು. ಅವುಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಕಿರುನಾಳಗಳಲ್ಲೇ ಸಿಕ್ಕಿಹಾಕಿಕೊಂಡು ಕೆಲವೇ ದಿನಗಳಲ್ಲಿ ನಾಶವಾಗುತ್ತವೆ. ಸಾಯುವ ಕೋಶಗಳನ್ನು ನುಂಗಿದ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳು ಸ್ವಭಾವ ಬದಲಿಸಿ ಉರಿಯೂತವನ್ನು ತಗ್ಗಿಸಬಹುದು ಎಂಬ ವಿವರಣೆಗೆ ಈಗ ಹೆಚ್ಚು ಬಲವಿದೆ. 2017ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು, ಕಸಿಯ ನಂತರದ ಅದೇ ತೊಂದರೆಯ ರೋಗಿಗಳ ಪೈಕಿ ಯಾರ ರಕ್ತದ ಕೋಶಗಳು ಈ ಹೊರಗಿನ ಕೋಶಗಳನ್ನು ಕೊಲ್ಲಬಲ್ಲವೋ ಅವರಲ್ಲೇ ಚಿಕಿತ್ಸೆ ಫಲಿಸಿತು ಎಂದು ತೋರಿಸಿದರು. ಅಂದರೆ ಫಲ ಸಿಗುವುದೇ ಆದರೆ ಅದು ಕೋಶಗಳು ಸತ್ತು ಕೊಡುವ ಫಲ. ಅವು ಗೆಣ್ಣಿಗೆ ಹೋಗಿ ನೆಲೆಸುತ್ತವೆ ಎಂಬುದು ಕಥೆ.

ಹಾಗಾದರೆ ಅಕ್ಕನ ನೋವು ಇಳಿದದ್ದು ಹೇಗೆ? ಅವಳ ಹಳೆಯ ರುಮಟಾಲಜಿ ಡಾಕ್ಟರು ಡಿಸ್ಚಾರ್ಜ್ ಕಾಗದಗಳನ್ನು ತಿರುವಿ ಹಾಕಿ, ಔಷಧಗಳ ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಒಂದು ಹೆಸರಿನ ಕೆಳಗೆ ಗೆರೆ ಎಳೆದರು: ಮೀಥೈಲ್ ಪ್ರೆಡ್ನಿಸೋಲೋನ್. ಡ್ರಿಪ್ ಹಾಕಿದ ಪ್ರತಿಯೊಂದು ಸಲವೂ ಅಲರ್ಜಿ ಆಗದಿರಲೆಂಬ ಕಾರಣ ಕೊಟ್ಟು ಈ ಸ್ಟೀರಾಯ್ಡನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಿದ್ದರು. ಸಂಧಿವಾತದವರಿಗೆ ಅಷ್ಟು ಸ್ಟೀರಾಯ್ಡ್ ಕೊಟ್ಟರೆ, ಜೊತೆಗೆ ಬರೀ ಗ್ಲೂಕೋಸ್ ನೀರನ್ನು ಹರಿಸಿದರೂ, ಊತ ಇಳಿಯುತ್ತದೆ, ಬೆಳಗಿನ ಬಿಗಿತ ಹೋಗುತ್ತದೆ, ಹಸಿವು ಹೆಚ್ಚುತ್ತದೆ, ಮನಸ್ಸಿಗೆ ಹುರುಪು ಬರುತ್ತದೆ. ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ ಕೂಡ ಇಳಿಯುತ್ತದೆ. ಆ ಇಳಿದ ಸಿಆರ್‌ಪಿ ವರದಿಯನ್ನೇ ಚಿಕಿತ್ಸಾಲಯದವರು "ನಿಮ್ಮ ಇಮ್ಯೂನಿಟಿ ದಾರಿಗೆ ಬಂದಿದೆ" ಎಂದು ತೋರಿಸಿ ಮುಂದಿನ ಕಂತಿನ ಹಣ ಕೇಳಿದ್ದು. ಸಿಆರ್‌ಪಿ ಎನ್ನುವುದು ಐಎಲ್-6 ಎಂಬ ಉರಿಯೂತದ ಪ್ರೊಟೀನಿನ ಸಂಕೇತಕ್ಕೆ ಯಕೃತ್ತು ತಯಾರಿಸುವ ಪ್ರೊಟೀನ್. ಉರಿಯೂತ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಅದನ್ನು ಇಳಿಸಿದವರು ಯಾರೆಂಬುದನ್ನು ಹೇಳುವುದಿಲ್ಲ. ಈ ಬರಹದಿಂದ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ: ಕಾಂಡಕೋಶದ ಜೊತೆ ಬೇರೆ ಏನೇನು ಚುಚ್ಚಿದರು ಎಂಬ ಪೂರ್ಣ ಪಟ್ಟಿಯನ್ನು ಅಂದೇ ಕೇಳಿ ಬರೆಸಿಕೊಳ್ಳಿ.

ಸ್ಟೀರಾಯ್ಡಿನ ಪ್ರಭಾವ ಕಳೆದ ಮೇಲೆ ರೋಗ ಹಾಗೆ ಎರಗಿ ಬರಲು ಇನ್ನೊಂದು ಕಾರಣವಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಅವರು ಮಾಡಿದ ದೊಡ್ಡ ಅನ್ಯಾಯ ಅದೇ. ಸಂಧಿವಾತವನ್ನು ಹತೋಟಿಯಲ್ಲಿಡಲು ಅಕ್ಕ ವಾರಕ್ಕೊಮ್ಮೆ ನುಂಗುತ್ತಿದ್ದ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು "ಅದು ಹೊಸ ಕೋಶಗಳನ್ನು ಕೊಂದುಬಿಡುತ್ತದೆ" ಎಂದು ಹೇಳಿ ನಿಲ್ಲಿಸಿದರು. ಕೋಶಗಳೇ ಕೆಲವು ದಿನಗಳಲ್ಲಿ ಇಲ್ಲವಾಗುವಾಗ, ತಿಂಗಳುಗಟ್ಟಲೆ ಮಾತ್ರೆ ನಿಲ್ಲಿಸಿ ಕಾಪಾಡುವುದಾದರೂ ಏನನ್ನು? ಈ ಮಾತ್ರೆಯ ಕೆಲಸ ನಿಧಾನ. ನಿಲ್ಲಿಸಿದ ಮರುದಿನವೇ ಏನೂ ಆಗುವುದಿಲ್ಲ, ಹಾಗಾಗಿ ಬಿಟ್ಟರೂ ನಡೆಯುತ್ತದೆ ಎನಿಸುತ್ತದೆ. ಅಷ್ಟರಲ್ಲಿ ಕೀಲಿನ ಒಳಪೊರೆಯಲ್ಲಿ ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ಪ್ರೊಟೀನ್‌ಗಳು ಮತ್ತೆ ಏರಿ, ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಎಬ್ಬಿಸುತ್ತವೆ. ಹಾಗೆ ಸವೆದ ಮೂಳೆ, ಔಷಧವನ್ನು ಪುನಃ ಶುರು ಮಾಡಿದರೂ, ಸಾಮಾನ್ಯವಾಗಿ ಮೊದಲಿನಂತಾಗುವುದಿಲ್ಲ. ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಈಗ ಕರಿಹಲಗೆಯ ಮೇಲೆ ಬರೆಯುವ ಕೆಲಸವನ್ನು ಮಕ್ಕಳಿಂದ ಮಾಡಿಸುತ್ತಾಳೆ.

ಎರಡನೆಯ ಡ್ರಿಪ್ಪಿನ ರಾತ್ರಿ ಅವಳಿಗೆ ಚಳಿ ಹಿಡಿದು ಜ್ವರ ಬಂದಿತ್ತು. ಫೋನ್ ಮಾಡಿದರೆ, ಕೋಶಗಳು ಕೆಲಸ ಶುರು ಮಾಡಿರುವುದಕ್ಕೆ ಅದೇ ಗುರುತು, ಪ್ಯಾರಾಸಿಟಮಾಲ್ ಕೊಡಿ ಎಂದರು. ಇಂಥ ಕೋಶಗಳನ್ನು ಕೊಟ್ಟ ಮೇಲೆ ತಾತ್ಕಾಲಿಕ ಜ್ವರ ಬರುವುದು ನಿಯಮಬದ್ಧ ಪ್ರಯೋಗಗಳಲ್ಲೂ ದಾಖಲಾಗಿದೆ, ಆದರೆ ಅಲ್ಲಿ ಜ್ವರ ಬಂದರೆ ಸೋಂಕಿದೆಯೇ ಎಂದು ನೋಡುತ್ತಾರೆ. 2018ರಲ್ಲಿ ಅಮೆರಿಕದಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ, ಒಪ್ಪಿಗೆ ಇಲ್ಲದ ಉತ್ಪನ್ನಗಳನ್ನು ಚುಚ್ಚಿಸಿಕೊಂಡ 12 ಮಂದಿಗೆ ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾ ಸೋಂಕು ತಗುಲಿ ಎಲ್ಲರೂ ಆಸ್ಪತ್ರೆ ಸೇರಬೇಕಾಯಿತು. ತೆರೆಯದ ಬಾಟಲಿಗಳಲ್ಲೇ ಬ್ಯಾಕ್ಟೀರಿಯಾ ಸಿಕ್ಕಿದ್ದವು. ಇನ್ನು ಕೊಬ್ಬು ಅಥವಾ ಬಳ್ಳಿಯಿಂದ ತೆಗೆದ ಕೋಶಗಳ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೊಟೀನ್ ಹೆಚ್ಚಾಗಿದ್ದು, ರಕ್ತಕ್ಕೆ ತಗುಲಿದ ಕೂಡಲೇ ಹೆಪ್ಪುಗಟ್ಟಿಸುವ ಅಪಾಯವೂ ಇದೆ. ಅಂಥದ್ದೇನೂ ಆಗದೆ ಅಕ್ಕ ಪಾರಾದದ್ದು ಅದೃಷ್ಟ.

ಭಾರತದಲ್ಲಿ ನಿಯಮ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ನಿಗದಿತ ರೋಗಗಳಿಗೆ ಮಾಡುವ ರಕ್ತಜನಕ ಕಾಂಡಕೋಶ ಕಸಿಯನ್ನು ಬಿಟ್ಟರೆ, ಉಳಿದ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಪ್ರಯೋಗದ ಒಳಗೇ ನಡೆಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಕಾಂಡಕೋಶ ಉತ್ಪನ್ನಗಳನ್ನು ಹೊಸ ಔಷಧಗಳ ಸಾಲಿಗೆ ಸೇರಿಸಿವೆ. ಹಾಗೆ ಪ್ರಯೋಗ ಮುಗಿಸಿ ಒಪ್ಪಿಗೆ ಪಡೆದ ಉತ್ಪನ್ನ ಬೆಂಗಳೂರಿನಲ್ಲೇ ಇದೆ: ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಂಪ್ಯೂಸೆಲ್. ಆದರೆ ಅದಕ್ಕೆ ಒಪ್ಪಿಗೆ ಸಿಕ್ಕಿರುವುದು ರಕ್ತಸಂಚಾರ ಕಡಿದು ಕಾಲು ಕಳೆದುಕೊಳ್ಳುವ ಹಂತದ ರೋಗಿಗಳಿಗೆ ಮತ್ತು ಮೊಣಕಾಲಿನ ಆಸ್ಟಿಯೋ ಆರ್ಥ್ರೈಟಿಸ್‌ಗೆ, ಅಂದರೆ ಕೀಲು ಸವೆತಕ್ಕೆ. ರುಮಟಾಯ್ಡ್ ಸಂಧಿವಾತ ಬೇರೆಯೇ ರೋಗ. ರುಮಟಾಯ್ಡ್‌ಗೆ ನಡೆದಿರುವ ಪ್ರಯೋಗಗಳು ಚಿಕ್ಕವು. ಸ್ಪೇನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ, ಹೆಸರು ಪಡೆದ ಒಂದು ಪ್ರಯೋಗದಲ್ಲಿ ಇದ್ದವರು 53 ಮಂದಿ, ಅದರ ಮುಖ್ಯ ಉದ್ದೇಶ ಸುರಕ್ಷತೆಯನ್ನು ನೋಡುವುದಾಗಿತ್ತು.

ನಮ್ಮವರಿಗೆ ಸಹಿ ಮಾಡಿಸಿದ್ದ ಇಂಗ್ಲಿಷ್ ಒಪ್ಪಿಗೆ ಪತ್ರದಲ್ಲಿ "ಪ್ರಾಯೋಗಿಕ ಸ್ವರೂಪದ ಚಿಕಿತ್ಸೆ" ಎಂಬರ್ಥದ ಮಾತಿತ್ತು. ಬಾಯಲ್ಲಿ ಹೇಳಿದ್ದು ಮಾತ್ರ ಖಚಿತ ಚಿಕಿತ್ಸೆ ಎಂದೇ. ನಿಜವಾದ ಪ್ರಯೋಗವಾಗಿದ್ದರೆ ಅದಕ್ಕೆ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲಾತಿಯ, ನೋಂದಣಿ ಸಂಖ್ಯೆ ಇರಬೇಕು, ಅದನ್ನು ಮೊಬೈಲಿನಲ್ಲೇ ಹುಡುಕಿ ನೋಡಬಹುದು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕು. ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಭಾಗವಹಿಸುವವರಿಂದ ಹಣ ಕೀಳುವಂತೆಯೂ ಇಲ್ಲ. ಈ ಪ್ರಶ್ನೆಗಳನ್ನು ಕೇಳಿದಾಗ ಕೌನ್ಸೆಲರ್ ಮಾತು ತಿರುಗಿಸಿದರೆ ಅಲ್ಲಿಂದ ಎದ್ದು ಬನ್ನಿ. "ಈ ವಾರ ಬುಕ್ ಮಾಡಿದರೆ ರಿಯಾಯಿತಿ" ಎಂದರಂತೂ ಯೋಚಿಸುವ ಅಗತ್ಯವೇ ಇಲ್ಲ.

ಈಗಾಗಲೇ ಹಣ ಕೊಟ್ಟು ಚಿಕಿತ್ಸೆ ಪಡೆದವರು ಮೊದಲು ತಮ್ಮ ಹಳೆಯ ತಜ್ಞ ವೈದ್ಯರ ಬಳಿಗೆ ಹೋಗಿ ನಡೆದದ್ದೆಲ್ಲವನ್ನೂ ಮುಚ್ಚಿಡದೆ ಹೇಳಬೇಕು. ಅಕ್ಕನ ಡಾಕ್ಟರು ಬೈಯಲಿಲ್ಲ, ರಕ್ತಪರೀಕ್ಷೆ ಮಾಡಿಸಿ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ಪ್ರಾಧಿಕಾರಕ್ಕೂ ಕೊಡಬಹುದು. ಹಣದ ವಿಷಯಕ್ಕೆ ಗ್ರಾಹಕರ ಆಯೋಗವಿದೆ. ಎಲ್ಲದಕ್ಕೂ ಮೊದಲು ಕೇಸ್ ಶೀಟಿನ ಪ್ರತಿಯನ್ನು ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ. ಕೇಳಿದ 72 ಗಂಟೆಗಳೊಳಗೆ ಅದನ್ನು ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ, ಮತ್ತು ಸ್ಟೀರಾಯ್ಡ್ ಎಷ್ಟು ಚುಚ್ಚಿದರು ಎಂಬುದು ದಾಖಲಾಗಿರುವುದು ಆ ಹಾಳೆಗಳಲ್ಲೇ.